ಪಾರ್ಲರಿನಲ್ಲಿ ಮಾಡಿಸಿದ ಗುಂಗುರು

ಕಂಪ್ಲಿಯ ಅಕ್ಕಿ ಮಿಲ್ಲಿನ ಮೇಸ್ತ್ರಿ ಮುದುಕಪ್ಪನ ಮನೆತನದಲ್ಲಿ ಪಿತ್ರಾರ್ಜಿತ ಎಂದು ಹೇಳಿಕೊಳ್ಳುವಂಥದ್ದು ಒಂದೇ ಇತ್ತು. ಅದು ತಲೆಯ ಮೇಲೆ ಬೆಳೆಯುತ್ತಿತ್ತು. ಮುದುಕಪ್ಪನ ತಾತನಿಗೂ ಗುಂಗುರು ಕೂದಲು, ಅಪ್ಪನಿಗೂ ಗುಂಗುರು, ತಂಗಿಗೆ, ತಮ್ಮನಿಗೆ, ತಮ್ಮನ ತೊಟ್ಟಿಲ ಕೂಸಿಗೂ ಗುಂಗುರು. ಅದೂ ಅಂತಿಂಥ ಗುಂಗುರಲ್ಲ. ಒಳಗೆ ಹೋದ ಬಾಚಣಿಗೆ ಹಲ್ಲು ಮುರಿದುಕೊಂಡೇ ಹೊರಗೆ ಬರಬೇಕು. ಸಂಜೆ ಮಿಲ್ಲಿನಿಂದ ಬಂದ ಮುದುಕಪ್ಪ ಹಿತ್ತಲಿನಲ್ಲಿ ನಿಂತು ತಲೆ ಕೊಡವಿದನೆಂದರೆ ಉದುರುವ ತೌಡಿಗೆ ಓಣಿಯ ಕೋಳಿಗಳೆಲ್ಲ ಓಡಿ ಬರುತ್ತಿದ್ದವು.

ಅವನ ಮಗ ಹುಲುಗೇಶನಿಗೆ ಈ ಆಸ್ತಿ ಪಾಲಾಗದೆ ಪೂರ್ತಿ ಬಂದಿತ್ತು. ಸ್ಕೂಲಿನಲ್ಲಿ ಹಿಂದಿನ ಬೆಂಚಿನವರು ಬೋರ್ಡು ಕಾಣುವುದಿಲ್ಲವೆಂದು ದೂರು ಕೊಟ್ಟು ಅವನನ್ನು ಗೋಡೆಯ ಪಕ್ಕಕ್ಕೆ ಕಳಿಸಿದ್ದರು. ಟಾಕೀಸಿನಲ್ಲಿ ಅವನ ಹಿಂದೆ ಕೂತವರು ಟಿಕೆಟ್ಟಿನ ದುಡ್ಡು ವಾಪಸ್ ಕೇಳುತ್ತಿದ್ದರು. ಹೆಣ್ಣು ನೋಡಲು ಮರಿಯಮ್ಮನಹಳ್ಳಿಗೆ ಹೋದಾಗ ಹುಡುಗಿಯ ತಾಯಿ ಉಚ್ಚಂಗೆಮ್ಮ ಬಾಗಿಲ ಮರೆಯಿಂದ ನೋಡಿ, "ಹುಡುಗ ಚಲೋ ಅದಾನ, ಆದ್ರ ಮನಿಯೊಳಗ ಬಂದ ಮ್ಯಾಲೂ ಆ ಉಣ್ಣಿ ಟೋಪಿ ಯಾಕ ತೆಗಿವಲ್ಲ?" ಎಂದು ಕೇಳಿದ್ದು ಇವತ್ತಿಗೂ ಆ ಮನೆಯಲ್ಲಿ ಹಬ್ಬಕ್ಕೊಮ್ಮೆ ನಗೆಗೆ ಒದಗುತ್ತದೆ. ಹುಡುಗಿ ಸುಧಾರಾಣಿ ಮಾತ್ರ ನಗದೆ ಒಪ್ಪಿದಳು. ನಗುವುದನ್ನು ಮದುವೆಯಾದ ಮೇಲಕ್ಕೆ ಉಳಿಸಿಕೊಂಡಳು.

ಹುಲುಗೇಶ ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ 'ಶಿಲಾಂಗಣ' ಎಂಬ ಹೋಟೆಲಿನ ರಿಸೆಪ್ಷನ್ನಿನಲ್ಲಿದ್ದ. ಕೆಲಸದಲ್ಲಿ ಚುರುಕು. ಯಾವ ದೇಶದವರು ಬಂದರೂ ಕೈಸನ್ನೆ, ಕಣ್ಸನ್ನೆ, ಮುರುಕು ಇಂಗ್ಲಿಷು ಎಲ್ಲವನ್ನೂ ಕಲಸಿ ಅವರಿಗೆ ರೂಮು, ಬಿಸಿನೀರು, ಇಡ್ಲಿ ಮೂರನ್ನೂ ಒದಗಿಸುತ್ತಿದ್ದ. ಅವನಲ್ಲಿದ್ದ ದೋಷ ಒಂದೇ. ಕೇಳಿದ್ದಕ್ಕೆ ಉತ್ತರ ಕೊಟ್ಟ ಮೇಲೆ ಸುಮ್ಮನಾಗುವ ವಿದ್ಯೆ ಅವನಿಗೆ ಸಿದ್ಧಿಸಿರಲಿಲ್ಲ. ಒಂದು ಮಾತು ಹೆಚ್ಚಿಗೆ ಆಡಿಯೇ ತೀರುತ್ತಿದ್ದ. ದೊಡ್ಡ ಅನಾಹುತಗಳೆಲ್ಲ ಆ ಹೆಚ್ಚಿನ ಒಂದು ಮಾತಿನಲ್ಲೇ ಇರುತ್ತವೆ.

ಆಷಾಢದ ಹೊತ್ತಿಗೆ ಹೋಟೆಲಿಗೆ ಮೈಸೂರಿನಿಂದ ಪ್ರವೀಣ ಎಂಬ ಹೊಸ ಮ್ಯಾನೇಜರು ಬಂದರು. ಸ್ಕೇಲು ಇಟ್ಟು ಗೆರೆ ಎಳೆದಂತೆ ಬೈತಲೆ, ಗಾಳಿ ಬೀಸಿದರೂ ಅಲ್ಲಾಡದ ಕೂದಲು. ಮೊದಲ ದಿನ ಕೌಂಟರಿನ ಮುಂದೆ ನಿಂತು ಹುಲುಗೇಶನ ತಲೆಯನ್ನೇ ನೋಡಿದರು. ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ, ಕಲ್ಲಿನ ರಥ ನೋಡುವ ಪ್ರವಾಸಿಗರ ಹಾಗೆ.

"ಅರೆ, ಚೆನ್ನಾಗಿದೆಯಲ್ರೀ! ಇದನ್ನ ಎಲ್ಲಿ ಮಾಡಿಸಿದ್ರಿ?" ಎಂದು ಕೇಳಿದರು.

ಹುಟ್ಟಿದಾಗಿನಿಂದ ಆ ತಲೆಗೆ ಯಾರೂ 'ಚೆನ್ನಾಗಿದೆ' ಅಂದಿರಲಿಲ್ಲ. ಹುಲುಗೇಶನ ಎದೆ ಪೂರಿಯ ಹಾಗೆ ಉಬ್ಬಿತು. ಮೈಸೂರಿನ ದೊಡ್ಡ ಮನುಷ್ಯನೆದುರು 'ಇದು ಕಂಪ್ಲಿಯಾಗ ತಾನಾಗೇ ಬೆಳೆದಿದ್ದು ಸರ್' ಎನ್ನಲು ನಾಲಿಗೆ ಏಳಲಿಲ್ಲ.

"ಬೆಂಗಳೂರಾಗ ಸರ್. ದೊಡ್ಡ ಪಾರ್ಲರ್" ಎಂದ.

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಹೆಚ್ಚಿನ ಒಂದು ಮಾತು ಬಾಯಿಯ ಹೊಸ್ತಿಲಲ್ಲಿ ಕಾಯುತ್ತಿತ್ತಲ್ಲ! "ತಿಂಗಳಾ ತಿಂಗಳಾ ಹೋಗಬೇಕ್ರಿ. ಇಲ್ಲಾಂದ್ರ ನೆಟ್ಟಗಾಗಿ ಬಿಡ್ತಾವ."

"ಓಹೋ," ಎಂದು ಪ್ರವೀಣ ತಲೆಯಾಡಿಸಿ ಒಳಗೆ ಹೋದರು. ಆ 'ಓಹೋ'ವನ್ನು ಹುಲುಗೇಶ ಮೆಚ್ಚುಗೆ ಎಂದು ತಿಳಿದು ಆ ದಿನವಿಡೀ ಗಾಜಿನ ಬಾಗಿಲಲ್ಲಿ ತನ್ನನ್ನು ತಾನು ನೋಡಿಕೊಂಡ.

ಸೋಮವಾರ ಮೀಟಿಂಗು ಕರೆದರು. ಅಡುಗೆಯವರಿಂದ ಹಿಡಿದು ಗೇಟಿನ ಕೊಟ್ರಯ್ಯನವರೆಗೆ ಎಲ್ಲರೂ ಸೇರಿದರು. ಕೆಲಸಗಾರರ ವೇಷಭೂಷಣದ ಬಗ್ಗೆ ಹೊಸ ನಿಯಮಗಳು ಬಂದಿದ್ದವು. ಪ್ರವೀಣ ಒಂದೊಂದೇ ವಿವರಿಸಿದರು. ಶೂಸು ಹೊಳೆಯಬೇಕು, ಉಗುರು ಕತ್ತರಿಸಬೇಕು, ಗುಟ್ಕಾ ವಾಸನೆ ಬರಬಾರದು. ಕೊನೆಗೆ ಕೂದಲಿಗೆ ಬಂದರು.

"ದೇವರು ಹೇಗೆ ಕೊಟ್ಟಿದ್ದಾನೋ ಹಾಗೆ ಇರಲಿ, ಅಚ್ಚುಕಟ್ಟಾಗಿರಲಿ, ಸಾಕು. ಆದರೆ ಬಣ್ಣ, ಕೃತಕ ಸುರುಳಿ, ಸ್ಟೈಲು ಯಾವುದೂ ನಡೆಯಲ್ಲ."

ರೂಮ್ ಸರ್ವೀಸಿನ ದುರುಗೇಶ್ ತನ್ನ ಕೆಂಪು ಜುಟ್ಟಿನ ಮೇಲೆ ಕೈ ಇಟ್ಟುಕೊಂಡ. ಮಿಕ್ಕವರು ನಿಟ್ಟುಸಿರು ಬಿಟ್ಟರು. ಹುಲುಗೇಶನೂ ಬಿಟ್ಟ. ದೇವರು ಕೊಟ್ಟಿದ್ದಕ್ಕೆ ಅಡ್ಡಿಯಿಲ್ಲವಲ್ಲ! ಅರ್ಧ ನಿಟ್ಟುಸಿರು ಹೊರಗೆ, ಅರ್ಧ ಒಳಗೆ ಇರುವಾಗ ಪ್ರವೀಣ ಅವನತ್ತ ತಿರುಗಿದರು.

"ಹುಲುಗೇಶ್, ಗುರುವಾರ ಓನರ್ ದುರ್ಗಾ ಮೇಡಂ ಸಂಡೂರಿನಿಂದ ಬರ್ತಿದ್ದಾರೆ. ಫ್ರಂಟ್ ಆಫೀಸಿಗೆ ಸೂಪರ್‌ವೈಸರ್ ಯಾರು ಅಂತ ಅವತ್ತೇ ಹೇಳಬೇಕು. ನಿಮ್ಮ ಹೆಸರೇ ನನ್ನ ಮನಸ್ಸಿನಲ್ಲಿರೋದು. ಅಷ್ಟರಲ್ಲಿ ಆ ಬೆಂಗಳೂರಿನ ಸುರುಳಿ ಬಿಚ್ಚಿಸಿಬಿಡಿ."

ಆಗಲೇ ಸತ್ಯ ಹೇಳಬಹುದಾಗಿತ್ತು. ಆದರೆ ಎಲ್ಲರೆದುರು, ಮ್ಯಾನೇಜರಿಗೆ ಸುಳ್ಳು ಹೇಳಿದೆನೆಂದು ಹೇಳುವುದು ಹೇಗೆ? ಸೂಪರ್‌ವೈಸರ್ ಆಗುವವನು ಮೊದಲ ಹೆಜ್ಜೆಯಲ್ಲೇ ಸುಳ್ಳುಬುರುಕನಾದರೆ?

"ಆತು ಸರ್," ಎಂದ ಹುಲುಗೇಶ.

ದುರುಗೇಶ್ ಕಿವಿಯಲ್ಲಿ, "ಅಣ್ಣಾ, ನೀ ಬೆಂಗಳೂರಿಗೆ ಯಾವಾಗ ಹೋಗಿದ್ದಿ?" ಎಂದು ಕೇಳಿದ. ಹುಲುಗೇಶ ಅವನ ಕಾಲು ತುಳಿದ.

ಚಿತ್ತವಾಡ್ಗಿಯ ಬಾಡಿಗೆ ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡ. ಸುಧಾರಾಣಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

"ನಿಮಗೇನು ಬುದ್ಧಿಗಿದ್ಧಿ ಐತೇನ್ರಿ? ನಾಳೆ ಹೋಗಿ, ಸುಳ್ಳು ಹೇಳಿದ್ದೆ, ತಪ್ಪಾತು ಸರ್ ಅಂತ ಅಂದುಬಿಡ್ರಿ."

"ಹಂಗ ಅಂದ್ರ ನನ್ನ ಮರ್ಯಾದಿ?"

"ಸೂಪರ್‌ವೈಸರ್ ಆಗ್ತಾರ ಅಂತ ನಾ ಓಣಿ ತುಂಬ ಹೇಳೀನಿ. ಅದು ನನ್ನ ಮರ್ಯಾದಿ."

ಎರಡು ಮರ್ಯಾದೆಗಳ ನಡುವೆ ಸಿಕ್ಕಿಕೊಂಡ ಕೂದಲನ್ನು ಬಿಡಿಸಲು ಪಕ್ಕದ ಮನೆಯ ರೇಣುಕಾದೇವಿ ಮುಂದೆ ಬಂದಳು. ಮುಂಬಾಗಿಲ ಕೋಣೆಯಲ್ಲೇ ಹೆಂಗಸರ ಪಾರ್ಲರು ಇಟ್ಟುಕೊಂಡಿದ್ದ ಅವಳ ಹತ್ತಿರ ಕೂದಲು ನೆಟ್ಟಗೆ ಮಾಡುವ ಬಿಸಿ ಇಕ್ಕಳವಿತ್ತು. ಮದುವಣಗಿತ್ತಿಯರು ಕೂರುವ ಕುರ್ಚಿಯಲ್ಲಿ ಹುಲುಗೇಶನನ್ನು ಕೂರಿಸಿ ಕೊರಳಿಗೆ ಗುಲಾಬಿ ಬಣ್ಣದ ಬಟ್ಟೆ ಕಟ್ಟಿದಳು. ಇಕ್ಕಳ ಕೂದಲಿಗೆ ತಾಗಿ ಚುಸ್ಸೆಂದಿತು. ಹೊಗೆ ಎದ್ದಿತು. ಕಿಟಕಿಯಲ್ಲಿ ಓಣಿಯ ಹೆಂಗಸರ ಮುಖಗಳು ಎದ್ದವು.

ಬಿಚ್ಚುತ್ತ ಹೋದ ಹಾಗೆ ಕೂದಲು ಉದ್ದವಾಗುತ್ತಲೇ ಹೋಯಿತು. ಕಿವಿ ಮುಚ್ಚಿತು, ಮೂಗು ಮುಚ್ಚಿತು, ಗದ್ದಕ್ಕೆ ಬಂತು.

"ಅಯ್ಯ ಶಿವನ! ಇಷ್ಟು ಉದ್ದ ಒಳಗ ಎಲ್ಲಿ ಮಡಚಿ ಇಟ್ಟಿದ್ರಿ ಅಣ್ಣಾರ?" ಎಂದಳು ರೇಣುಕಾದೇವಿ. ಒಳಗಿನಿಂದ ಒಂದು ಬಾಚಣಿಗೆಯ ಹಲ್ಲು, ಒಂದು ಕಿವಿ ಕಡ್ಡಿ ಮತ್ತು ಯಾವುದೋ ಮದುವೆಯ ಅಕ್ಷತೆ ಕಾಳು ಸಿಕ್ಕವು. ಅಕ್ಷತೆ ಕಾಳನ್ನು ಸುಧಾರಾಣಿ ಕಣ್ಣಿಗೊತ್ತಿಕೊಂಡಳು. ಅದು ತಮ್ಮದೇ ಮದುವೆಯದೆಂದು ಅವಳ ವಾದ.

ಮರುದಿನ ಎಣ್ಣೆ ಹಚ್ಚಿ, ಬೈತಲೆ ತೆಗೆದು ಹುಲುಗೇಶ ಹೋಟೆಲಿಗೆ ಹೋದರೆ ಗೇಟಿನಲ್ಲಿ ಕೊಟ್ರಯ್ಯ ಕೋಲು ಅಡ್ಡ ಹಿಡಿದ.

"ರೂಮ್ ಬುಕ್ ಐತೇನ್ರಿ?"

"ಕೊಟ್ರಯ್ಯಣ್ಣ, ನಾನು. ಹುಲುಗೇಶ."

"ಹುಲುಗೇಶನ್ನ ನಾ ದಿನಾ ನೋಡ್ತೀನಿ. ಅವನ ತಲಿ ಮೊದಲು ಬರ್ತತಿ, ಆಮ್ಯಾಲೆ ಅವ ಬರ್ತಾನ. ನೀವ್ಯಾರು ಹೇಳ್ರಿ."

ದನಿ ಕೇಳಿಸಿ, ಹಳೆಯ ಜಗಳಗಳನ್ನು ನೆನಪಿಸಿ, ಹೇಗೋ ಒಳಗೆ ಹೋದ. ಒಳಗೆ ಹಾಜರಿ ಹಾಕುವ ಯಂತ್ರ. ಮುಖ ತೋರಿಸಿದರೆ ಹಸಿರು ದೀಪ ಹತ್ತಬೇಕು. ಹುಲುಗೇಶ ಮುಖ ತೋರಿಸಿದ. ಕೆಂಪು. ನಕ್ಕು ತೋರಿಸಿದ. ಕೆಂಪು. ಕೈಯಿಂದ ಕೂದಲನ್ನು ಗುಡ್ಡೆ ಮಾಡಿ ನೆತ್ತಿಯ ಮೇಲೆ ಹಿಡಿದು ನಿಂತ. ಯಂತ್ರ ಒಂದು ಕ್ಷಣ ಯೋಚಿಸಿದಂತೆ ಕಂಡರೂ ಒಪ್ಪಲಿಲ್ಲ. ಆ ದಿನ ಹುಲುಗೇಶ ಕೌಂಟರಿನಲ್ಲಿ ನಿಂತೇ ಗೈರುಹಾಜರಾದ.

ಪ್ರವೀಣರಿಗೆ ಮಾತ್ರ ಬಹಳ ಸಂತೋಷವಾಯಿತು. "ನೋಡಿ, ಈಗ ಮನುಷ್ಯನ ಹಾಗೆ ಕಾಣ್ತೀರ" ಎಂದರು. ಆ ಸಂತೋಷದಲ್ಲೇ, ಗೈಡು ಬಂದಿಲ್ಲವೆಂದು ಪುಣೆಯ ದಂಪತಿಯನ್ನು ಹಂಪಿ ತೋರಿಸಲು ಅವನ ಜೊತೆ ಕಳಿಸಿದರು.

ಹಂಪಿಯಲ್ಲಿ ಆ ದಂಪತಿಗೆ ಹರಿಗೋಲು ಹತ್ತುವ ಆಸೆಯಾಯಿತು. ಹೊಳೆಯ ನಡುವೆ ಅಂಬಿಗ ಉತ್ಸಾಹದಿಂದ ಹರಿಗೋಲನ್ನು ಗಿರ್ರನೆ ತಿರುಗಿಸಿದ. ತುಂಗಭದ್ರೆ ಒಂದು ಬೊಗಸೆ ಎದ್ದು ಹುಲುಗೇಶನ ನೆತ್ತಿಗೆ ಬಿದ್ದಳು. ಮೊದಲು ಕಿವಿಯ ಹತ್ತಿರ ಒಂದು ಎಳೆ ಸುರುಳಿ ಸುತ್ತಿತು. ಅದನ್ನು ನೋಡಿ ಪಕ್ಕದ್ದು. ದಡ ಸೇರುವ ಹೊತ್ತಿಗೆ ಇಡೀ ತಲೆ ಹೂಕೋಸಿನ ಹಾಗೆ ಅರಳಿ ನಿಂತಿತ್ತು. ಪುಣೆಯ ಹೆಂಗಸು ಇದು ಟಿಕೆಟ್ಟಿನಲ್ಲೇ ಸೇರಿದೆ ಎಂದು ತಿಳಿದು ಚಪ್ಪಾಳೆ ತಟ್ಟಿದಳು.

ಸಂಜೆ ಲಾಬಿಯಲ್ಲಿ ಪ್ರವೀಣ ಅವನನ್ನು ಕಂಡವರೇ ನಿಂತಲ್ಲೇ ನಿಂತರು.

"ಹೋಗುವಾಗ ನೆಟ್ಟಗೆ, ಬರುವಾಗ ಗುಂಗುರು! ಹಂಪಿಯಲ್ಲೂ ಪಾರ್ಲರ್ ಹುಡುಕಿಕೊಂಡ್ರಾ?"

ಹುಲುಗೇಶನಿಗೆ ಇನ್ನು ತಡೆಯಲಾಗಲಿಲ್ಲ. "ಸರ್, ತಪ್ಪಾತು. ಇವು ಹುಟ್ಟು ಗುಂಗುರು. ಬೆಂಗಳೂರು ಸುಳ್ಳು, ಪಾರ್ಲರ್ ಸುಳ್ಳು."

"ಮೊದಲು ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

"ಮೊದಲಿಂದು ಸರ್."

"ತಿಂಗಳಿಗೊಮ್ಮೆ ಹೋಗದಿದ್ರೆ ನೆಟ್ಟಗಾಗುತ್ತೆ ಅಂತ ಬೇರೆ ಅಂದ್ರಿ. ಯಾರ್ರೀ ತಮ್ಮ ತಲೆ ಬಗ್ಗೆ ಇಷ್ಟು ವಿವರವಾಗಿ ಸುಳ್ಳು ಹೇಳ್ತಾರೆ?" ಪ್ರವೀಣರ ತರ್ಕ ಬಿಗಿಯಾಗಿತ್ತು. "ಹುಟ್ಟಿನಿಂದ ಬಂದದ್ದಾದರೆ ಸಾಬೀತು ಮಾಡಿ. ಇಲ್ಲವೇ ಗುರುವಾರ ಬೆಳಿಗ್ಗೆ ನೆಟ್ಟಗಿನ ಕೂದಲಿನಲ್ಲಿ ಬನ್ನಿ. ಎರಡೂ ಆಗದಿದ್ರೆ ಸೂಪರ್‌ವೈಸರ್ ಹೋಗಲಿ, ರಿಸೆಪ್ಷನ್ನಿನಲ್ಲೂ ನಿಲ್ಲಿಸೋದು ಕಷ್ಟ. ಹಿಂದಿನ ಸ್ಟೋರ್ ರೂಮಿಗೆ ಹಾಕ್ತೀನಿ."

ಬುಧವಾರ ಹುಲುಗೇಶ ಸರ್ಟಿಫಿಕೇಟು ಹುಡುಕಿಕೊಂಡು ಒಂದು ಸರ್ಕಾರಿ ಕೌಂಟರಿನ ಸಾಲಿನಲ್ಲಿ ನಿಂತ. ಕಿಟಕಿಯ ಒಳಗಿನ ಗುಮಾಸ್ತ ಸಭ್ಯ ಮನುಷ್ಯ.

"ಜಾತಿ ಬೇಕೋ, ಆದಾಯ ಬೇಕೋ?"

"ಗುಂಗುರು ಬೇಕ್ರಿ."

"ಅದ್ಯಾವ ಊರು? ನಮ್ಮ ಹೋಬಳಿಗೆ ಬರಂಗಿಲ್ಲಲ್ಲ."

"ಊರಲ್ರಿ, ಕೂದಲು. ಇವು ಹುಟ್ಟಿನಿಂದ ಹಿಂಗ ಅದಾವ ಅಂತ ಬರಕೊಡ್ರಿ."

ಗುಮಾಸ್ತ ಕಂಪ್ಯೂಟರಿನಲ್ಲಿ ಮೇಲಿನಿಂದ ಕೆಳಗೆ ಹುಡುಕಿ, "ಹುಟ್ಟಿದ್ದಕ್ಕೈತಿ, ಸತ್ತಿದ್ದಕ್ಕೈತಿ, ನಡುವಿಂದು ಇಲ್ಲ" ಎಂದ. ಹಿಂದಿನಿಂದ ಗಾದಿಗನೂರಿನ ಮುದುಕನೊಬ್ಬ ಕೈ ಹಾಕಿ ಹುಲುಗೇಶನ ಕೂದಲನ್ನು ಎಳೆದು ನೋಡಿ, "ಒರಿಜಿನಲ್ ಐತ್ರೀ ಸಾಹೇಬ್ರ, ಬೇಕಾದ್ರ ನಾ ಸಾಕ್ಷಿ ಹಾಕ್ತೀನಿ" ಎಂದ. ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎಳೆದು ನೋಡಿ ಒಪ್ಪಿಗೆ ಕೊಟ್ಟರು. ಕಾಗದ ಮಾತ್ರ ಸಿಗಲಿಲ್ಲ.

ಸಂಜೆ ಮನೆಗೆ ಬಂದು ಗೋಡೆಗೆ ಒರಗಿ ಕೂತ ಗಂಡನನ್ನು ಸುಧಾರಾಣಿ ನೋಡಿದಳು. ಅವಳಿಗೆ ಉಪಾಯ ಹೊಳೆಯಿತು. ಕಾಗದ ಯಾಕೆ, ಕಂಪ್ಲಿಯಲ್ಲಿ ಜೀವಂತ ಸಾಕ್ಷಿಗಳೇ ಇರುವಾಗ? ಅಡುಗೆಮನೆಗೆ ಹೋಗಿ ಮಾವನಿಗೆ ಫೋನು ಮಾಡಿದಳು.

"ಮಾವ, ನಾಳೆ ಮುಂಜಾನೆ ಬಸ್ಸಿಗೆ ಬರ್ರಿ. ಸೀದಾ ಹೋಟೆಲಿಗೆ ಹೋಗ್ರಿ. ಅತ್ತೀನ್ನ, ಕಾಕಾರನ್ನ, ಕೂಸನ್ನ ಎಲ್ಲಾರನ್ನೂ ಕರಕೊಂಡು ಬರ್ರಿ. ರುಮಾಲು ಸುತ್ತಬ್ಯಾಡ್ರಿ. ತಲಿ ಕಾಣಬೇಕು."

ಹೊರಗೆ ಬಂದು, "ಚಿಂತಿ ಮಾಡಬ್ಯಾಡ್ರಿ, ನಾ ಎಲ್ಲಾ ವ್ಯವಸ್ಥಾ ಮಾಡೀನಿ" ಎಂದಳು. ಏನು ವ್ಯವಸ್ಥೆ ಎಂದು ಹುಲುಗೇಶ ಕೇಳಲಿಲ್ಲ. ಇನ್ನೊಮ್ಮೆ ರೇಣುಕಾದೇವಿಯ ಇಕ್ಕಳ ಎಂದು ತಿಳಿದು ಅವನ ನೆತ್ತಿ ಜುಮ್ಮೆಂದಿತು. ಮಲಗಿ ಆಲೋಚಿಸಿದ. ಗುಂಗುರಿದ್ದರೆ ತಪ್ಪು. ನೆಟ್ಟಗಿದ್ದರೆ ನಿಲ್ಲುವುದಿಲ್ಲ. ಇರದೇ ಇದ್ದರೆ? ನಿಯಮವಿರುವುದು ಕೂದಲಿಗೆ. ಕೂದಲೇ ಇಲ್ಲದಿದ್ದರೆ ನಿಯಮ ಯಾವುದರ ಮೇಲೆ ಕೂರುತ್ತದೆ? ಬುದ್ಧಿವಂತಿಕೆ ಮನುಷ್ಯನಿಗೆ ಅಪರೂಪಕ್ಕೆ ಬಂದಾಗ ಹೀಗೆಯೇ ಅತಿಯಾಗಿ ಬರುತ್ತದೆ.

ಬೆಳಿಗ್ಗೆ ಸುಧಾರಾಣಿ ನೀರು ಹಿಡಿಯಲು ಹೋದಾಗ ಅವನು ಸದ್ದಿಲ್ಲದೆ ಹೊರಟು ಬಸ್ ಸ್ಟ್ಯಾಂಡಿನ ಹಿಂದಿನ ದುರುಗಣ್ಣನ ಅಂಗಡಿಗೆ ಹೋದ.

"ಬೋಳಿಸಿಬಿಡು ದುರುಗಣ್ಣ. ಎಲ್ಲಾ."

ದುರುಗಣ್ಣನ ಕೈಯ ಕತ್ತರಿ ನಿಂತಿತು. ನಮ್ಮ ಕಡೆ ಗಂಡಸು ದೇವರ ಹರಕೆಗಲ್ಲದೆ ತಲೆ ಬೋಳಿಸಿಕೊಂಡರೆ ಅದಕ್ಕೆ ಒಂದೇ ಅರ್ಥ. ಹರಕೆಯಾದರೆ ಹುಲಿಗಿಯ ಅಮ್ಮನ ಗುಡಿಯಲ್ಲೇ ತೆಗೆಸುತ್ತಿದ್ದ. ದುರುಗಣ್ಣ ಕನ್ನಡಿಯಲ್ಲಿ ಹುಲುಗೇಶನ ಬಾಡಿದ ಮುಖ ನೋಡಿ ಮೆಲ್ಲಗೆ ಕೇಳಿದ:

"ಯಾವಾಗ ಆತಪ್ಪ?"

"ಮೊನ್ನೆ ಸೋಮವಾರ ಸುರು ಆತು. ಇವತ್ತಿಗೆ ಮುಗೀತು."

"ಕಂಪ್ಲಿಗೆ ಹೋಗಲಿಲ್ಲೇನು?"

"ಕಂಪ್ಲಿಯಾಗೇನೈತಿ ಇನ್ನ? ಎಲ್ಲಾ ಅಲ್ಲಿಂದ ಬಂದಿದ್ದ," ಎಂದು ಹುಲುಗೇಶ ತನ್ನ ತಲೆಯ ಮೂಲವನ್ನು ನೆನೆದು ನಿಟ್ಟುಸಿರಿಟ್ಟ.

ದುರುಗಣ್ಣ ಮತ್ತೇನೂ ಕೇಳಲಿಲ್ಲ. ಮುದುಕಪ್ಪನನ್ನು ಅವನೂ ಬಲ್ಲ. ಮೌನವಾಗಿ ಬೋಳಿಸಿ, ದುಡ್ಡು ಬೇಡವೆಂದು ಕೈಮುಗಿದು ಕಳಿಸಿದ. ಅವನು ಹೋಗುತ್ತಲೇ ಕೆಂಪು ಜುಟ್ಟು ತೆಗೆಸಲು ದುರುಗೇಶ್ ಬಂದ. ರೇಣುಕಾದೇವಿಯ ಗಂಡ ಗಡ್ಡಕ್ಕೆ ಬಂದ. ಇನ್ನು ಹೇಳುವುದೇನು? ಒಂದು ಸುದ್ದಿ ಚಿತ್ತವಾಡ್ಗಿಯ ಕಡೆಗೂ ಒಂದು ಸುದ್ದಿ ಹೋಟೆಲಿನ ಕಡೆಗೂ ಬೈಕು ಹತ್ತಿ ಹೊರಟವು. ಹುಲುಗೇಶ ಮಾತ್ರ ದಾರಿಯಲ್ಲಿ ನಿಂತು, ತಂಪಾದ ತಲೆಯಲ್ಲಿ ನಿಧಾನವಾಗಿ ಎರಡು ಮಿರ್ಚಿ ಬಜ್ಜಿ ತಿಂದು ಚಹಾ ಕುಡಿದ.

ಹೋಟೆಲಿನ ಗೇಟಿನಲ್ಲಿ ಕೊಟ್ರಯ್ಯ ಈ ಸಲ ಕೋಲು ಅಡ್ಡ ಹಿಡಿಯಲಿಲ್ಲ. ಟೋಪಿ ತೆಗೆದ. ಅವನ ಬೋಳು ನೆತ್ತಿ ಬಿಸಿಲಿಗೆ ಹೊಳೆಯಿತು.

"ಮನಸ್ಸಿಗೆ ಹಚ್ಕೋಬ್ಯಾಡಪ್ಪ. ಇವತ್ತಿಲ್ಲ ನಾಳೆ ಹೋಗೋದ ಅಲ್ಲೇನು?"

ಆ ನೆತ್ತಿ ನೋಡಿ ಹುಲುಗೇಶನಿಗೆ ಮಾತು ಸರಿಯೆನಿಸಿತು. "ಹೌದಣ್ಣ, ನಿಂದು ಜಲ್ದಿ ಹೋತು, ನಂದು ಈಗ ಹೋತು" ಎಂದು ಒಳಗೆ ನಡೆದ.

ಪ್ರವೀಣ ಅವನನ್ನು ಕಂಡವರೇ ಕುರ್ಚಿಯಿಂದ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಹುಲುಗೇಶ್, ಮೊನ್ನೆ ನಾನು ಹಾಗೆಲ್ಲ ಮಾತಾಡಬಾರದಿತ್ತು. ನನಗೆ ಗೊತ್ತಿರಲಿಲ್ಲ."

"ಇರ್ಲಿ ಬಿಡ್ರಿ ಸರ್. ಇದ್ರ ಒಂದಿಲ್ಲ ಒಂದು ಕಿರಿಕಿರಿ. ಈಗ ಆರಾಮ."

ಪ್ರವೀಣ ಬೆಚ್ಚಿದರು. ಆದರೂ ದುಃಖದಲ್ಲಿರುವವರು ಏನೇನೋ ಆಡುತ್ತಾರೆಂದು ಸಮಾಧಾನ ಮಾಡಿಕೊಂಡರು.

"ಕೊನೆಗೆ ತುಂಬಾ ನೋವಾಯ್ತಾ?"

"ಇಲ್ರಿ. ಬ್ಲೇಡು ಹೊಸಾದು."

"ಬ್ಲೇಡಾ? ಆಪರೇಷನ್ನಿಗೆ ಹೋಗಿತ್ತಾ?"

"ಹಂಗ ಅಂದ್ಕೋರಿ. ಬಸ್ ಸ್ಟ್ಯಾಂಡ್ ಹಿಂದ ದುರುಗಣ್ಣ ಅಂತ ಅದಾನ್ರಿ. ಕೈ ಭಾಳ ಹಗೂರ."

ಪ್ರವೀಣ ಮೇಜಿನ ಅಂಚು ಹಿಡಿದುಕೊಂಡರು. "ಮತ್ತೆ... ಮುಂದಿನ ಕಾರ್ಯ?"

"ಮುಂದಿಂದೇನೈತ್ರಿ? ಕಸಬರಗಿಲೆ ಗುಡಿಸಿ ಚೀಲಕ್ಕ ತುಂಬಿದ್ರು."

ಮೈಸೂರಿನವರಿಗೆ ಈ ಸೀಮೆಯ ಪದ್ಧತಿಗಳು ಗೊತ್ತಿಲ್ಲ. ಆದರೂ ಇದು ಅತಿಯಾಯಿತೆನಿಸಿತು. "ನಿಮಗೆ ದುಃಖ ಆಗ್ತಿಲ್ವಾ ಹುಲುಗೇಶ್?"

"ಯಾಕ್ ಸರ್ ದುಃಖ? ಎರಡು ತಿಂಗಳಾಗ ಮತ್ತ ಬರೋದ ಐತಲ್ಲ. ಮೊದಲಿಗಿಂತ ದಪ್ಪಗ."

ದುಃಖದಲ್ಲಿ ಪಾಪ ಬುದ್ಧಿಯೇ ಪಲ್ಲಟವಾಗಿದೆ ಎಂದು ಪ್ರವೀಣ ತೀರ್ಮಾನಿಸಿದರು. ಇನ್ನೊಂದು ಮಾತು ಆಡಿಸದೆ, ಎಲ್ಲ ಕೆಲಸಗಾರರನ್ನೂ ಲಾಬಿಗೆ ಕರೆಸಿ ಮೌನಾಚರಣೆಗೆ ನಿಲ್ಲಿಸಿದರು. ಅಡುಗೆಯವರು ಸೌಟು ಹಿಡಿದೇ ಬಂದರು. ತಿಂಡಿ ತಿನ್ನುತ್ತಿದ್ದ ಪುಣೆಯ ದಂಪತಿಯೂ ಎದ್ದು ನಿಂತರು. ತನ್ನ ಕೂದಲಿಗೆ ಇಷ್ಟು ದೊಡ್ಡ ಮರ್ಯಾದೆ ಸಲ್ಲುವುದೆಂದು ಹುಲುಗೇಶ ಕನಸಿನಲ್ಲೂ ಎಣಿಸಿರಲಿಲ್ಲ. ಈ ಹೋಟೆಲಿನವರು ಎಂಥ ಒಳ್ಳೆಯವರು ಎಂದು ಅವನಿಗೆ ಕಣ್ಣೀರು ಬಂತು. ಅದನ್ನು ನೋಡಿ ಉಳಿದವರಿಗೂ ಬಂತು.

ಆಗಲೇ ಸಂಡೂರಿನಿಂದ ದುರ್ಗಾ ಮೇಡಂ ಕಾರು ಬಂದು ನಿಂತಿತು. ಎತ್ತರದ, ಸುಮಾರು ಅರವತ್ತರ ಹೆಂಗಸು. ಒಳಗೆ ಬಂದು ಎಲ್ಲರೂ ತಲೆ ತಗ್ಗಿಸಿ ನಿಂತದ್ದನ್ನು ಕಂಡು ತಾವೂ ಕನ್ನಡಕ ತೆಗೆದು ನಿಂತರು. ಅವರ ಹಿಂದೆಯೇ ಒಂದು ಆಟೋ ಬಂದಿತು. ಅದರಿಂದ ಮುದುಕಪ್ಪ, ಅವನ ಹೆಂಡತಿ ಹೊಳೆಮ್ಮ, ತಂಗಿ, ಕೂಸನ್ನೆತ್ತಿಕೊಂಡ ತಮ್ಮ ಇಳಿದರು. ಸೊಸೆ ಹೇಳಿದಂತೆ ರುಮಾಲಿಲ್ಲ. ಹೊಳೆಮ್ಮನೊಬ್ಬಳನ್ನು ಬಿಟ್ಟರೆ ತಲೆಗಳೆಲ್ಲ ಗಾಳಿಗೆ ಗುಡ್ಡದ ಪೊದೆಗಳಂತೆ ಅಲ್ಲಾಡುತ್ತಿದ್ದವು.

ಮುದುಕಪ್ಪ ಮರ್ಯಾದಸ್ಥ. ಯಾರೋ ತೀರಿಕೊಂಡಿದ್ದಾರೆಂದು ಅರಿತು ತನ್ನವರಿಗೆಲ್ಲ ಸನ್ನೆ ಮಾಡಿ, ಬಾಗಿಲ ಹತ್ತಿರವೇ ಕೈಕಟ್ಟಿ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಲ್ಲಿದ್ದ ಕೊಟ್ರಯ್ಯನನ್ನು ಪಿಸುದನಿಯಲ್ಲಿ ಕೇಳಿದ:

"ಯಾರು ಹೋಗ್ಯಾರ್ರಿ?"

"ನಮ್ಮ ರಿಸೆಪ್ಷನ್ ಹುಲುಗೇಶನ ಅಪ್ಪಾರು."

"ಅಯ್ಯ ಪಾಪ," ಎಂದ ಮುದುಕಪ್ಪ. "ವಯಸ್ಸಾಗಿತ್ತೇನು?"

"ಇಲ್ರಿ, ಗಟ್ಟಿ ಆಳಿದ್ರಂತ. ಕಂಪ್ಲಿ ಮಿಲ್ಲಿನ್ಯಾಗ ಮೇಸ್ತ್ರಿ."

ಮುದುಕಪ್ಪ ಮರುಕದಿಂದ ಲೊಚಗುಟ್ಟಿದ. ಲೊಚಗುಟ್ಟಿದ ಬಾಯಿ ಹಾಗೆಯೇ ನಿಂತಿತು. ತಲೆಯೆತ್ತಿ ನೋಡಿದರೆ ಎದುರಿಗೆ, ಸುಲಿದ ತೆಂಗಿನಕಾಯಿಯಂಥ ತಲೆ ಹೊತ್ತು, ಕಣ್ಣೀರು ಸುರಿಸುತ್ತ ನಿಂತ ಮಗ!

"ಲೇ ಹುಲುಗ್ಯಾ! ನಾ ಯಾವಾಗ ಸತ್ನಲೇ?"

ಸೌಟುಗಳು ನೆಲಕ್ಕೆ ಬಿದ್ದವು. ಪುಣೆಯವರು ಕುರ್ಚಿಯ ಹಿಂದೆ ಸರಿದರು. ಹೊಳೆಮ್ಮ ಮಗನ ಬೋಳು ತಲೆ ನೋಡಿ, ಪಕ್ಕದಲ್ಲೇ ನಿಂತಿದ್ದ ಗಂಡನ ತೋಳು ಮುಟ್ಟಿ ನೋಡಿ, ಆದರೂ ನಂಬಿಕೆ ಸಾಲದೆ ಬೋರೆಂದು ಅಳತೊಡಗಿದಳು. "ಕುಂಕುಮ ಇಟ್ಕೊಂಡು ಬಂದೀನಲ್ಲೋ ಯಪ್ಪಾ, ಜೀವಂತ ಇದ್ದ ಅಪ್ಪಗ ತಲಿ ಬೋಳಿಸ್ಕೊಂಡು ಬಂದೇನೋ!"

ಅದೇ ಹೊತ್ತಿಗೆ ಇನ್ನೊಂದು ಆಟೋದಿಂದ ಸುಧಾರಾಣಿ ಜಡೆ ಬಿಚ್ಚಿಕೊಂಡು ಓಡಿ ಬಂದಳು. ರೇಣುಕಾದೇವಿ ಎದೆ ಬಡಿದುಕೊಂಡು ಸುದ್ದಿ ಹೇಳಿದಾಗಿನಿಂದ, ತಾನು ಕರೆಸಿದವರ ಬಸ್ಸೇ ಎಲ್ಲೋ ಮಗುಚಿತೆಂದು ಅವಳ ಜೀವ ಹಾರಿತ್ತು. ಮಾವನಿಗೆ ಫೋನು ಹಚ್ಚಿ ಹಚ್ಚಿ ಸಾಕಾಗಿತ್ತು. ಬಸ್ಸಿನ ಸದ್ದಿನಲ್ಲಿ ಮುದುಕಪ್ಪನಿಗೆ ಕೇಳಿಸಿರಲಿಲ್ಲ. ಈಗ ಮಾವನನ್ನು ಕಂಡು ಕಾಲಿಗೆ ಬಿದ್ದು ಅತ್ತಳು. ಎದ್ದು ಗಂಡನನ್ನು ಕಂಡಳು.

"ನಾ ವ್ಯವಸ್ಥಾ ಮಾಡೀನಿ ಅಂದಿದ್ದೆನಲ್ರೀ!"

"ಇಕ್ಕಳ ಅಂದ್ಕೊಂಡೆ," ಎಂದ ಹುಲುಗೇಶ.

ಪ್ರವೀಣ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಬಾಗಿಲಲ್ಲಿ ಸಾಲಾಗಿ ನಿಂತ ತಲೆಗಳನ್ನು ನೋಡುತ್ತಿದ್ದರು. ಅಪ್ಪ, ಸೋದರತ್ತೆ, ಚಿಕ್ಕಪ್ಪ, ಕೊನೆಗೆ ಚಿಕ್ಕಪ್ಪನ ತೋಳಲ್ಲಿ ಬೆರಳು ಚೀಪುತ್ತಿದ್ದ ಕೂಸು. ಕೂಸಿನ ತಲೆಯ ಮೇಲೂ ಪುಟ್ಟ ಪುಟ್ಟ ಸುರುಳಿಗಳು. ಅದು ತಿಂಗಳಾ ತಿಂಗಳಾ ಬೆಂಗಳೂರಿಗೆ ಹೋಗಿ ಬರುವ ಕೂಸಿನಂತೆ ಕಾಣಲಿಲ್ಲ.

"ಏನ್ರಿ ಇದು ಪ್ರವೀಣ?" ಎಂದರು ದುರ್ಗಾ ಮೇಡಂ.

ಪ್ರವೀಣ ನಿಯಮ ಹೇಳಿದರು. ಹುಲುಗೇಶ ಸುಳ್ಳು ಹೇಳಿದ್ದನ್ನೂ ಇಕ್ಕಳವನ್ನೂ ಹರಿಗೋಲನ್ನೂ ದುರುಗಣ್ಣನನ್ನೂ ಹೇಳಿದ. ಸುಧಾರಾಣಿ ಫೋನು ಮಾಡಿದ್ದನ್ನು ಹೇಳಿದಳು. ಮುದುಕಪ್ಪ, ತಾನು ತನ್ನದೇ ಸಾವಿಗೆ ಮೌನಾಚರಣೆ ಮಾಡಿದ್ದನ್ನು ಹೇಳಿದ. ಮೇಡಂ ನಗು ತಡೆಯಲು ನೋಡಿದರು. ಆಗದೆ ಸೋಫಾದಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಮುಖ ಗಟ್ಟಿ ಮಾಡಿಕೊಂಡರು.

"ಹುಲುಗೇಶ, ಸುಳ್ಳು ಯಾಕ ಹೇಳಿದಿ?"

"ಸರ್ ಚೆನ್ನಾಗೈತಿ ಅಂದ್ರು ಮೇಡಂ. ಯಾರೂ ಹಂಗ ಅಂದಿದ್ದಿಲ್ಲ. ಹುಟ್ಟಿದ್ದು ಅಂದ್ರ ಎಲ್ಲಿ ಮಾತು ವಾಪಸ್ ತಗೊಂತಾರೋ ಅಂತ..."

ಮುದುಕಪ್ಪ ನೆಲ ನೋಡಿದ. ಮೇಡಂ ಮ್ಯಾನೇಜರರತ್ತ ತಿರುಗಿದರು.

"ಪ್ರವೀಣ, ಅವ ಸುಳ್ಳು ಹೇಳಿದ್ದು ತಪ್ಪು. ಆದ್ರ ಹುಟ್ಟಿನಿಂದ ಬಂದೈತಿ ಅಂತ ಸಾಬೀತು ಮಾಡು ಅಂದ್ರಲ್ಲ, ನಿಮ್ಮ ನೆಟ್ಟಗಿನ ಕೂದಲಿಗೆ ಯಾರಾದ್ರೂ ಸಾಕ್ಷಿ ಕೇಳಿದ್ರೇನು?"

ಪ್ರವೀಣರ ಕೈ ತಾನಾಗಿ ಬೈತಲೆಗೆ ಹೋಯಿತು. "ಇಲ್ಲ ಮೇಡಂ," ಎಂದರು. ಅವರೂ ಕೆಟ್ಟವರಲ್ಲ. ಮುದುಕಪ್ಪನ ಹತ್ತಿರ ಹೋಗಿ ಕೈಮುಗಿದು, "ನೀವು ಬದುಕಿರೋದು ನೋಡಿ ಬಹಳ ಸಂತೋಷವಾಯ್ತು" ಎಂದರು. ಮುದುಕಪ್ಪ "ನನಗೂ ಆತ್ರಿ" ಎಂದ.

ಸೂಪರ್‌ವೈಸರ್ ಕೆಲಸ ಹುಲುಗೇಶನಿಗೇ ಆಯಿತು. ಕೆಲಸಗಾರರ ಕೂದಲು ನೋಡದೆ ಗಿರಾಕಿಗಳ ಬೇಕುಬೇಡ ನೋಡಿ ಎಂದು ಪ್ರವೀಣರಿಗೆ ಹೇಳಿ ಮೇಡಂ ಸಂಡೂರಿಗೆ ಹೊರಟರು. ಆದರೆ ಬೋಳು ತಲೆಯನ್ನು ಯಾವ ಮೇಡಂ ಬೆಳೆಸಿಕೊಡಲು ಸಾಧ್ಯ? ಮರುದಿನದಿಂದ ಕೌಂಟರಿನ ಮುಂದೆ ಸಂತಾಪದ ಸಾಲು ಸುರುವಾಯಿತು. ತರಕಾರಿಯವನು, ಹಾಲಿನವನು, ಟ್ಯಾಕ್ಸಿಯವರು ಎಲ್ಲರೂ ಬಂದು, "ಒಳ್ಳೇ ಮನುಷ್ಯ, ಏನ್ ಮಾಡೋದು" ಎಂದು ಕೈಹಿಡಿಯುವವರೇ. ಇಲ್ಲವೆಂದು ಹೇಳಿದರೆ ದುಃಖ ನುಂಗಿಕೊಳ್ಳುತ್ತಿದ್ದಾನೆಂದು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದರು. ಕಂಪ್ಲಿಯಲ್ಲಿ ಮುದುಕಪ್ಪನ ಪಾಡು ಇನ್ನೂ ಕಷ್ಟ. ಸಾಲ ಕೊಟ್ಟವರು ವಸೂಲಿಗೆ ಮನೆಗೆ ಬಂದದ್ದು ಸರಿ, ಇವನಿಂದ ಸಾಲ ತೆಗೆದುಕೊಂಡಿದ್ದವರು ಇವನನ್ನು ರಸ್ತೆಯಲ್ಲಿ ಕಂಡು ದೆವ್ವವೆಂದು ಆ ಕಡೆ ಹೊರಳಿ ಓಡಿದರು.

"ಇದು ಹಿಂಗಾದ್ರ ಆಗಂಗಿಲ್ಲ. ನನ್ನ ತಿಥಿ ಊಟ ಮಾಡ್ಕೊಂಡು ಹೋಗ್ತಾರ ಇವರು," ಎಂದು ಮುದುಕಪ್ಪ ಗಂಟು ಕಟ್ಟಿಕೊಂಡು ಹೊಸಪೇಟೆಗೆ ಬಂದ. ಮಗನ ತಲೆ ತುಂಬುವವರೆಗೆ ಹೋಟೆಲಿನ ಲಾಬಿಯ ಸೋಫಾದಲ್ಲೇ ಕೂರುವುದೆಂದು ನಿರ್ಧರಿಸಿದ. ಪ್ರವೀಣ ಬೇಡವೆನ್ನಲಿಲ್ಲ. ಹಬೆಯಾಡುವ ಕಾಫಿ ಕಳಿಸಿಕೊಟ್ಟರು.

ಒಂದು ದಿನ ದೋಣಿಮಲೈನಿಂದ ಲಾರಿ ಕಂಟ್ರಾಕ್ಟರೊಬ್ಬ ರೂಮು ಕೇಳಿಕೊಂಡು ಬಂದ. ಹುಲುಗೇಶನ ತಲೆ ನೋಡಿ ದನಿ ಇಳಿಸಿ, "ಅಪ್ಪಾರೇನ್ರಿ?" ಎಂದ.

"ಹೌದ್ರಿ, ನಾನ," ಎಂದು ಸೋಫಾದಿಂದ ಮುದುಕಪ್ಪ ಕೈಯೆತ್ತಿದ. "ಕುಂದ್ರಿ. ಕಾಫಿ ಕುಡಿತೀರೇನು?"

ಕಂಟ್ರಾಕ್ಟರ್ ಚೀಲ ಬಿಟ್ಟೇ ಹೊರಗೆ ಹೋದ. ಆಮೇಲೆ ಕೊಟ್ರಯ್ಯ ಹೋಗಿ ಸಮಾಧಾನ ಮಾಡಿ ಕರೆತರಬೇಕಾಯಿತು.

ಮಧ್ಯಾಹ್ನ ಲಾಬಿ ಖಾಲಿಯಾದಾಗ ಮುದುಕಪ್ಪ ಎದ್ದು ಕೌಂಟರಿನ ಒಳಗೆ ಬಂದ. ಮಗನ ತಲೆ ಹಿಡಿದು ಬೆಳಕಿಗೆ ತಿರುಗಿಸಿ, ಮಿಲ್ಲಿನಲ್ಲಿ ಅಕ್ಕಿಯ ಮಾದರಿ ನೋಡುವವನಂತೆ ಬೆರಳಾಡಿಸಿದ. ಹೊಸ ಕೂದಲು ಕೈಗೆ ಚುಚ್ಚುವಷ್ಟು ಬೆಳೆದಿತ್ತು. ಕಿವಿಯ ಮೇಲೆ ಒಂದು ಕಡೆ, ಸಾಸಿವೆ ಕಾಳಿನಷ್ಟು ಚಿಕ್ಕದಾಗಿ, ತುದಿ ಆಗಲೇ ಒಳಕ್ಕೆ ಬಾಗಿತ್ತು.

"ಬಂದಾವ ನೋಡಲೇ. ನೆಟ್ಟಗಂತೂ ಇಲ್ಲ."

"ಮತ್ತ ಹಂಗ ಆಗ್ತಾವೇನಪ್ಪಾ?"

"ಆಗದ ಏನು? ಮ್ಯಾನೇಜರ್ ಹೇಳ್ಲಿ, ಓನರ್ ಹೇಳ್ಲಿ, ನೀನ ಹೇಳು," ಎಂದ ಮುದುಕಪ್ಪ, ಮಗನ ನೆತ್ತಿಯನ್ನು ಮೆತ್ತಗೆ ತಟ್ಟಿ, "ನಮ್ಮ ಮನೀ ಕೂದಲು ಯಾರ ಮಾತೂ ಕೇಳಂಗಿಲ್ಲ."